ಎಲೆಯೇ ತುಂಬಿದ ಬೆಂಡೆ ಗದ್ದೆ

ಇಚಿಲಂಪಾಡಿಗೆ ಸೊಸೆಯಾಗಿ ಬಂದು ಕುಮುದಿನಿಗೆ ಒಂಬತ್ತು ವರ್ಷವಾಗಿತ್ತು. ಮಕ್ಕಳಾಗಿರಲಿಲ್ಲ. 1962ರ ಬೇಸಿಗೆಯಲ್ಲಿ, ಭತ್ತ ಕೊಯ್ದು ಖಾಲಿಯಾದ ಗದ್ದೆಗೆ ಅವಳು ಹಟ್ಟಿಗೊಬ್ಬರ, ಸುಡುಮಣ್ಣು ಹಾಕಿ ಬೆಂಡೆ ಬಿತ್ತಿದಳು. ಗಿಡಗಳು ಹಳದಿಯಾಗಿ ಸೊರಗಿದಾಗ ಬೇಸಾಯದ ಸಲಹೆ ಕೊಡುವ ಗ್ರಾಮಸೇವಕ ರಾಧಾಕೃಷ್ಣನನ್ನು ಕೇಳಿ, ಬುಡಕ್ಕೆ ಒಂದೊಂದು ಸಣ್ಣ ಚಮಚ ಅಮೋನಿಯಂ ಸಲ್ಫೇಟ್ ಗೊಬ್ಬರ ಕೊಟ್ಟು ನೀರು ಹೊಯ್ದಳು. ವಾರದೊಳಗೆ ಗಿಡಗಳು ಹಸಿರಾಗಿ ನಿಂತವು.

ಅದನ್ನು ಕಂಡು ಗಂಡ ಕುಶಾಲಪ್ಪನಿಗೆ ಆಸೆ ಹತ್ತಿತು.

“ಒಂದು ಚಮಚಕ್ಕೆ ಇಷ್ಟಾದರೆ, ಒಂದು ಮುಷ್ಟಿಗೆ ಎಷ್ಟಾದೀತು!”

“ಬೇಡ. ಇನ್ನು ಹೂ ಬಿಡುವಾಗ ಒಂದು ಚಮಚ ಸಾಕಂತೆ,” ಎಂದಳು ಕುಮುದಿನಿ.

“ಆ ಗ್ರಾಮಸೇವಕರಿಗೆಂತ, ಪುಸ್ತಕ ನೋಡಿ ಹೇಳುದು.”

ಅವನು ವಾರಕ್ಕೊಮ್ಮೆಯಂತೆ ಮೂರು ಸಲ ಮುಷ್ಟಿ ಮುಷ್ಟಿ ಹಾಕಿದ. ಗೋಗರೆದು ಕೇಳಿದ್ದಕ್ಕೆ ನೀರು ಹರಿಯುವ ತೋಡಿನ ಬದಿಯ ಎರಡು ಸಾಲನ್ನು ಮಾತ್ರ ಅವಳಿಗೆ ಬಿಟ್ಟ.

ಬೆಂಡೆ ಆಳೆತ್ತರ ಬೆಳೆಯಿತು. ದಾರಿಹೋಕರು ನಿಂತು ನೋಡಿದರು. ಆದರೆ ಎರಡು ತಿಂಗಳಾದರೂ ಹೂವಿಲ್ಲ. ತೋಡಿನ ಬದಿಯ ಕುಳ್ಳ ಗಿಡಗಳಲ್ಲಿ ಮಾತ್ರ ಕಾಯಿ ತೂಗುತ್ತಿತ್ತು.

ಅತ್ತೆ ದುಗ್ಗಮ್ಮ ಅಂಗಳದಲ್ಲೇ ಅಂದರು, “ಬಿತ್ತಿದ್ದು ಇವಳ ಕೈ. ಫಲ ಎಲ್ಲಿಂದ ಬರಬೇಕು? ಆ ಎರಡು ಸಾಲಿಗೆ ನನ್ನ ಮಗ ಗೊಬ್ಬರ ಹಾಕಿರಬೇಕು, ಅದಕ್ಕೇ ಕಾಯಿ ಉಂಟು. ಕುಶಾಲ, ಇವಳನ್ನು ಅಪ್ಪನ ಮನೆಗೆ ಬಿಟ್ಟು ಬಾ.”

ಆ ಎರಡು ಸಾಲು ಬಿಟ್ಟು ಉಳಿದೆಡೆಗೇ ತಾನು ಗೊಬ್ಬರ ಹಾಕಿದ್ದೆಂದು ಕುಶಾಲಪ್ಪನಿಗೆ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಆ ಮೌನ ಕುಮುದಿನಿಗೆ ಅತ್ತೆಯ ಮಾತಿಗಿಂತ ಹೆಚ್ಚು ಚುಚ್ಚಿತು.

ಮರುದಿನ ಅವಳೇ ಹೋಗಿ ರಾಧಾಕೃಷ್ಣನನ್ನು ಕರೆತಂದಳು. ಕುಶಾಲಪ್ಪನೂ ದುಗ್ಗಮ್ಮನೂ ಗದ್ದೆಯ ಬದುವಿಗೆ ಬಂದು ನಿಂತರು. ರಾಧಾಕೃಷ್ಣ ದೊಡ್ಡ ಎಲೆಯೊಂದನ್ನು ಮಗುಚಿ ನೋಡಿದ. ಅಡಿಯಲ್ಲೆಲ್ಲ ರಸ ಹೀರುವ ಗಿಡಹೇನು.

“ಗೊಬ್ಬರ ಎಷ್ಟು ಹಾಕಿದ್ದು?”

“ನಾನು ಒಂದು ಚಮಚ. ಮತ್ತಿನದ್ದು ಇವರನ್ನೇ ಕೇಳಿ.”

ಕುಶಾಲಪ್ಪ ತಡವರಿಸಿದ. “ಮೂರು ಸಲ... ಒಂದೊಂದು ಮುಷ್ಟಿ.”

“ಎಂತ ಮಾಡಿದಿರಿ ಮಾರಾಯ್ರೆ! ಈ ಗೊಬ್ಬರದಲ್ಲಿ ಇರುದು ಸಾರಜನಕ. ಅದು ಕಡಿಮೆಯಾದರೆ ಗಿಡ ಹಳದಿಯಾಗಿ ಕುಗ್ಗುದು. ಅತಿಯಾದರೆ ಬರೀ ಸೊಪ್ಪು ಬೆಳೆಯುದು, ಹೂ ತಡ ಆಗುದು, ಎಳೆ ಎಲೆಗೆ ಹೇನು ಕೂರುದು. ತೋಡಿನ ಬದಿಗೆ?”

“ಅಲ್ಲಿಗೆ ಇವರು ಹಾಕಲಿಲ್ಲ. ಹೂ ಬಂದಾಗ ನಾನು ಇನ್ನೊಂದು ಚಮಚ ಕೊಟ್ಟೆ, ಅಷ್ಟೇ.”

“ಅದೇ ಸರಿ. ಬೀಜ ಒಂದೇ, ಬಿತ್ತಿದ ಕೈ ಒಂದೇ. ತಪ್ಪಿದ್ದು ಅಳತೆ.”

ದುಗ್ಗಮ್ಮ ಮನೆಯತ್ತ ತಿರುಗಿದರು. ಅಪ್ಪನ ಮನೆಯ ಸುದ್ದಿ ಮತ್ತೆ ಎತ್ತಲಿಲ್ಲ. ಆಡಿದ್ದು ತಪ್ಪಾಯಿತೆಂದೂ ಹೇಳಲಿಲ್ಲ.

ಮರುವರ್ಷ ಕುಶಾಲಪ್ಪ ಚಮಚ ಹಿಡಿದೇ ಗದ್ದೆಗಿಳಿದ. ದಿನ ಬಿಟ್ಟು ದಿನ ಬುಟ್ಟಿ ತುಂಬ ಕಾಯಿ. ದುಗ್ಗಮ್ಮ ಎಳೆಯ ಕಾಯೊಂದನ್ನು ಮುರಿದು ನೋಡಿ, ಸೊಸೆಯತ್ತ ತಿರುಗಿ, “ನಿನ್ನ ಕೈಗುಣ ಒಳ್ಳೇದುಂಟು ಮಗಾ,” ಎಂದರು.

“ಹೋದ ವರ್ಷವೂ ಇದೇ ಕೈ ಅತ್ತೆ,” ಎಂದು ಕುಮುದಿನಿ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಬೆಂಡೆ ಬೆಳೆಯುವ ಅಕ್ಕ ಅಣ್ಣಂದಿರೇ, ಹಟ್ಟಿಗೊಬ್ಬರ ಬಿಡಬೇಡಿ. ಸಾರಜನಕದ ಗೊಬ್ಬರವನ್ನು ಎರಡು ಕಂತಿನಲ್ಲಿ, ಅಳೆದೇ ಕೊಡಿ. ಬುಡದಿಂದ ನಾಲ್ಕು ಬೆರಳು ದೂರ ಹಾಕಿ, ಮಣ್ಣು ಮುಚ್ಚಿ, ನೀರು ಹೊಯ್ಯಿರಿ. ನಿಮ್ಮ ಮಣ್ಣಿಗೆ ಎಷ್ಟು ಬೇಕೆಂದು ಗ್ರಾಮಸೇವಕರನ್ನು ಕೇಳಿ. ಕಾಯಿ ಕಟ್ಟದಿದ್ದರೆ ಗೊಬ್ಬರ ಎಷ್ಟು ಹಾಕಿದ್ದೆಂದು ಮೊದಲು ವಿಚಾರಿಸಿ. ಬಿತ್ತಿದವಳ ಮೇಲೆ ತಪ್ಪು ಹೊರಿಸಬೇಡಿ.