ಮಡಚುವ ಒಲೆಯಲ್ಲಿ ಸೀತನಿ

ನನ್ನ ಗಂಡ ಉಮಾಪತಿಗೆ ಒಂದು ಹುಚ್ಚು ಹಿಡಿದರೆ ಅದು ಇಳಿಯುವವರೆಗೆ ಮನೆಮಂದಿ ಉಸಿರು ಬಿಗಿ ಹಿಡಿದಿರಬೇಕು. ಹೋದ ವರ್ಷ ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ತಂದರು. ಸೀಟು ಕೀಳಿಸಿ ಒಳಗೆ ಮಂಚ, ನೀರಿನ ಟ್ಯಾಂಕು, ಪರದೆಯ ಹಿಂದೆ ಪುಟ್ಟದೊಂದು ಶೌಚಾಲಯ ಮಾಡಿಸಿದರು. ಗಂಗಾವತಿ ಕಡೆಯ ಸಿದ್ದಾಪುರದ ನಮ್ಮ ಓಣಿಯವರೆಲ್ಲ ಬಂದು, ಬಾಗಿಲು ತೆಗೆದು ಹಾಕಿ ನೋಡಿ, ಬಾಯಿಗೆ ಸೆರಗು ಹಿಡಿದು ನಕ್ಕು ಹೋದರು. ನಾನು ನಗಲಿಲ್ಲ. ಗಾಡಿ ಯಾರಿಗಾಗಿ ಎಂಬುದು ನನಗೆ ಗೊತ್ತಿತ್ತು.

ಅತ್ತೆ ಕಳಕಮ್ಮನವರಿಗೆ ಲಕ್ವಾ ಹೊಡೆದಿತ್ತು. ಮಾತು ಮರಳಿತು, ಕೋಲು ಹಿಡಿದು ನಾಲ್ಕು ಹೆಜ್ಜೆ ನಡೆಯುವಂತೆಯೂ ಆಯಿತು. ಬಲಗೈ ಮಾತ್ರ ಮುಷ್ಟಿ ಕಟ್ಟಿಕೊಂಡದ್ದು ಬಿಚ್ಚಲೇ ಇಲ್ಲ. ದಿನಾ ಬಿಡಿಸಿ, ಕೆಲಸ ಕೊಡದಿದ್ದರೆ ಅದು ಹಾಗೇ ಗಟ್ಟಿಯಾಗಿಬಿಡುತ್ತದೆ ಎಂದ ಡಾಕ್ಟರು ಹಿಚುಕಲು ಒಂದು ರಬ್ಬರ್ ಚೆಂಡು ಕೊಟ್ಟರು. "ಇದನ್ನ ಹಿಚುಕಿದ್ರ ಎಣ್ಣಿ ಬರತೈತೇನು?" ಎಂದು ಅತ್ತೆ ಅದನ್ನು ಕಿಟಕಿಯಾಚೆ ಒಗೆದರು.

ಬೆಳಗಿನ ವಿಭೂತಿಯನ್ನೂ ನಾನೇ ಹಚ್ಚಬೇಕಿತ್ತು. ಎಡಗೈಯಿಂದ ಹಚ್ಚಿಕೊಳ್ಳಲು ಅವರು ಸುತಾರಾಂ ಒಪ್ಪರು. ಹಣೆ ಮುಂದೆ ಮಾಡಿ, ಕಣ್ಣು ಮುಚ್ಚಿ ಕೂರುತ್ತಿದ್ದರು. ಓಣಿಯನ್ನೆಲ್ಲ ಗದರಿಸಿ ಬಾಳಿದ ಹೆಂಗಸು ಮಗುವಿನಂತೆ ಹಾಗೆ ಕೂತರೆ ನಾನು ಬೇಗಬೇಗ ಹಚ್ಚಿ ಎದ್ದುಬಿಡುತ್ತಿದ್ದೆ.

ಅಂಥವರು ಒಂದು ದಿನ ಬಾಯಿಬಿಟ್ಟು ಕೇಳಿದರು. "ತವರುಮನಿ ಹೊಲದಾಗ ಕುಂತು ಸೀತನಿ ತಿನ್ನಬೇಕು."

ಕಾಳು ಇನ್ನೂ ಮೆತ್ತಗಿರುವ ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಿಸಿಬಿಸಿಯಾಗಿರುವಾಗಲೇ ಅಂಗೈಯಲ್ಲಿ ಉಜ್ಜಿ ಉದುರಿಸಿದರೆ ಅದೇ ಸೀತನಿ. ನಮ್ಮ ಕಾಲುವೆ ಸೀಮೆಯಲ್ಲಿ ಕಣ್ಣು ಹಾಯಿಸಿದಷ್ಟೂ ಭತ್ತ. ಜೋಳ ಬೇಕೆಂದರೆ ಯಲಬುರ್ಗಾದ ಕಡೆ, ಅತ್ತೆಯ ತವರಿಗೇ ಹೋಗಬೇಕು. ಆದರೆ ಸೀತನಿ ಸುಡುವುದು ನೆಲದ ಕುಣಿಯಲ್ಲಿ, ಅತ್ತೆ ನೆಲಕ್ಕೆ ಕೂರುವಂತಿಲ್ಲ.

"ನೆಲಾನ ಮ್ಯಾಲ ತರೂಣು," ಎಂದರು ನನ್ನ ಗಂಡ.

ಗಂಗಾವತಿಯಲ್ಲಿ ವಾಹೀದನ ಒಲೆ ಅಂಗಡಿಗೆ ಹೋದೆವು. ಹೊತ್ತೊಯ್ಯಬಹುದಾದ ಗ್ರಿಲ್ಲುಗಳನ್ನು ಅವನು ಸಾಲಾಗಿ ಇಟ್ಟ. ಇವರ ಕಣ್ಣು ಗ್ಯಾಸಿನದರ ಮೇಲಿತ್ತು. ಹೊಗೆಯಿಲ್ಲ, ಬೂದಿಯಿಲ್ಲ.

"ಬಯಲಾಗಿನ ಗಾಳಿಗೆ ಗ್ಯಾಸಿನ ಉರಿ ನಿಲ್ಲಂಗಿಲ್ರಿ ಸಾಹುಕಾರ್ರ," ಎಂದ ವಾಹೀದ. "ಈ ಇದ್ದಲೀದು ಒಯ್ರಿ. ಬುಟ್ಟಿ ಆಳ ಐತಿ, ಗಾಳಿಗೆ ಮುಚ್ಚಳ ಐತಿ, ಕಾಲು ಮಡಚಿದ್ರ ಮಂಚದ ಕೆಳಗ ಹೋಗತೈತಿ. ಆದ್ರ ಗಾಡಿ ಒಳಗ ಮಾತ್ರ ಹಚ್ಚಬ್ಯಾಡ್ರಿ, ಉಸಿರು ಕಟ್ಟತೈತಿ."

ಇವರು ಸ್ಟೂಲಿನ ಮೇಲೆ ಕೂತು, ಬಲಗೈ ಮುಷ್ಟಿ ಮಾಡಿ, ಅದು ಗ್ರಿಲ್ಲಿನ ಅಂಚಿಗೆ ಮುಟ್ಟುತ್ತದೋ ಇಲ್ಲವೋ ಎಂದು ನೋಡಿದರು. ಅಂಗಡಿಗೆ ಬಂದವರು ಮುಖ ಮುಖ ನೋಡಿಕೊಂಡರು. ಅದು ಅತ್ತೆಯ ಕೈಯ ಅಳತೆ ಎಂಬುದು ನನಗೆ ಮಾತ್ರ ಗೊತ್ತಿತ್ತು. ಡಬ್ಬಿಯ ಮೇಲೆ ಕೋಳಿಯ ಚಿತ್ರ ಇದ್ದುದರಿಂದ ಡಬ್ಬಿಯನ್ನು ಅಂಗಡಿಯಲ್ಲೇ ಬಿಟ್ಟು ಬಂದೆವು. ನಮ್ಮದು ಮೊಟ್ಟೆಯ ಹೆಸರೂ ಎತ್ತದ ಮನೆ. ಮನೆಗೆ ಬಂದ ಮೇಲೆ ಅತ್ತೆ, "ಹೊಸಾ ಒಲಿ ಬರೇ ಹಣ್ಯಾಗ ಇರಬಾರದು," ಎಂದು ಅದರ ಮುಚ್ಚಳಕ್ಕೂ ನನ್ನಿಂದ ವಿಭೂತಿ ಹಚ್ಚಿಸಿದರು.

ಸಂಕ್ರಾಂತಿ ಹತ್ತಿರವಿತ್ತು. ಗಾಡಿ ಕುಕನೂರು ದಾಟುತ್ತಿದ್ದಂತೆ ಕಪ್ಪು ಎರೆಭೂಮಿ ತೆರೆದುಕೊಂಡಿತು. ಆಕಾಶ ಮುಟ್ಟುವವರೆಗೆ ಬಿಳಿಜೋಳದ ತೆನೆ, ಎಲ್ಲವೂ ಒಂದೇ ಕಡೆಗೆ ಬಾಗಿ ಏಳುತ್ತಿದ್ದವು. ಇಷ್ಟು ವರ್ಷ ಭತ್ತದ ಹಸಿರನ್ನೇ ದೊಡ್ಡದೆಂದುಕೊಂಡಿದ್ದ ನಾನು ಬೆರಗಾಗಿ ನೋಡಿದೆ. ಅತ್ತೆ ಮಂಚದಿಂದ ಎದ್ದು ಕಿಟಕಿಗೆ ಹಣೆ ಹಚ್ಚಿ ಕೂತಿದ್ದರು.

ಅವರ ತಮ್ಮ ಗುರುಬಸವ ಹೊಲದ ಬದುವಿನಲ್ಲೇ ಕಾದಿದ್ದರು. ನನ್ನ ಗಂಡ ಗ್ರಿಲ್ಲಿನ ಕಾಲು ಬಿಚ್ಚಿ ನಿಲ್ಲಿಸಿ, ಇದ್ದಿಲು ಹೊತ್ತಿಸಿ, ಜಾಳಿಗೆಯ ಮೇಲೆ ತೆನೆಗಳನ್ನು ಮೆಕ್ಕೆಜೋಳದಂತೆ ಚೆಂದಾಗಿ ಜೋಡಿಸಿದರು. ಅರೆಗಳಿಗೆಯಲ್ಲಿ ಮೇಲಿನ ಕಾಳು ಸೀದು ಕರ್ರಗಾಯಿತು, ಒಳಗಿನದು ಹಸಿಯಾಗೇ ಉಳಿಯಿತು. ಗುರುಬಸವ ಮಾಮ ಮೀಸೆಯಡಿ ನಕ್ಕರು. ಕುರ್ಚಿಯಲ್ಲಿದ್ದ ಅತ್ತೆ ತಡೆಯಲಾರದೆ ಹೋದರು.

"ಏ ಉಮಾಪತಿ, ಹೆಣಾ ಸುಟ್ಟಂಗ ಸುಡಾಕ ಹತ್ತೀಯಲ್ಲ. ಆ ಜಾಳಿಗಿ ತೆಗದು ಒಗಿ. ಕುಳ್ಳು ಹಾಕು. ಉರಿ ಆರಲಿ, ಕೆಂಡದ ಮ್ಯಾಲ ಬೂದಿ ಕೂಡಲಿ. ಆಮ್ಯಾಲ ತೆನಿ ತಲಿ ಒಳಗ ಮಾಡಿ ಹುಗಿ."

ಜಾಳಿಗೆ ಹೋಯಿತು, ಇದ್ದಿಲೂ ಹೋಯಿತು. ಆಳದ ಬುಟ್ಟಿಯಲ್ಲಿ ಸೆಗಣಿ ಕುಳ್ಳಿನ ಕೆಂಡ ಕುಣಿಯಲ್ಲಿದ್ದಂತೆಯೇ ಕೂತಿತು. ತೆನೆಗಳನ್ನು ಹುಗಿದು ದಂಟುಗಳನ್ನು ಸುತ್ತಲೂ ಹೊರಗೆ ಬಿಟ್ಟೆವು. ಹಸಿಕಾಳು ಬೇಯುವ ಸಿಹಿ ವಾಸನೆ ಎದ್ದಾಗ ಎಲ್ಲರೂ ಬುಟ್ಟಿಯ ಹತ್ತಿರ ಸರಿದೆವು.

ಅತ್ತೆಯ ತೊಡೆಯ ಮೇಲೆ ಮೊರವಿಟ್ಟು, ಅದರ ಮೇಲೆ ಗೋಣಿತಾಟು ಹಾಸಿದೆ. ಅವರು ಎಡಗೈಯಿಂದ ಒಂದು ತೆನೆ ಎಳೆದು ಅದರ ಮೇಲಿಟ್ಟರು. ನಾನು ಉಜ್ಜಲು ಕೈ ಚಾಚಿದೆ.

"ಬ್ಯಾಡ, ಆಚಿ ಸರಿ," ಎಂದರು.

ತಾವೇ ಬಲಗೈ ಎತ್ತಿದರು. ಒಂದು ಕೈಯಲ್ಲಿ ಸೀತನಿ ಆಗುವುದಿಲ್ಲ, ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಮುಷ್ಟಿಯನ್ನು ಹಾಗೇ ಬಿಸಿ ತೆನೆಯ ಮೇಲೊತ್ತಿ ಉರುಳಿಸಿದರು. ಕಾಳು ಬೀಳಲಿಲ್ಲ. ಹಲ್ಲು ಕಚ್ಚಿ ಮತ್ತೆ ಒತ್ತಿದರು. ಸುಡುತ್ತದೆ ಎಂದು ನಾನು ತೆನೆ ಸರಿಸಲು ಹೋದರೆ ನನ್ನ ಗಂಡ ನನ್ನ ಕೈ ಹಿಡಿದರು.

ಒಂದು ತೆನೆ ಆರಿತು, ಇನ್ನೊಂದು ಬಂತು. ಕಾವು ಬೆರಳ ಸಂದಿಗೆ ಇಳಿದಂತೆ ಮೊದಲು ಹೆಬ್ಬೆರಳು ಸಡಿಲಾಯಿತು. ಆಮೇಲೆ ತೋರುಬೆರಳು. ನೋಡನೋಡುತ್ತ ಅಂಗೈ ತೆನೆಯ ಮೇಲೆ ಅರ್ಧ ಹಾಸಿಕೊಂಡು, ಮುಂದೆ ಹೋಗಿ ಹಿಂದೆ ಬಂತು. ಹಸಿರು ಕಾಳು ಮೊರದೊಳಗೆ ಪಟಪಟ ಉದುರಿದವು.

ಯಾವ ಡಾಕ್ಟರಿಗೂ, ನನ್ನ ಯಾವ ಬೇಡಿಕೆಗೂ ಬಗ್ಗದ ಕೈ ಅದು. ದೇವರೆದುರು ನಿಂತಾಗಲೂ ನನಗೆ ಅಷ್ಟು ಮೈ ಝುಮ್ಮೆಂದಿರಲಿಲ್ಲ. ಗುರುಬಸವ ಮಾಮ ರುಮಾಲು ತೆಗೆದು ಕಣ್ಣೊರೆಸಿಕೊಂಡರು. ಅತ್ತೆ ಮಾತ್ರ ನಮ್ಮ ಯಾರನ್ನೂ ನೋಡದೆ ಹೊಟ್ಟು ಊದಿ, "ಬೆಲ್ಲ ಎಲ್ಲೈತಿ, ಲಲಿತಾ?" ಎಂದು ನನ್ನನ್ನು ಕೇಳಿದರು.

ತಿಂದು ಮುಗಿಯುವಾಗ ಹೊತ್ತು ಇಳಿದಿತ್ತು, ತಂಗಾಳಿಗೆ ಬೆರಳು ಮತ್ತೆ ಮಡಚಿಕೊಳ್ಳತೊಡಗಿದವು. ನನ್ನ ಗಂಡನ ಮುಖ ಸಣ್ಣಗಾಯಿತು.

"ಮುಚ್ಚಿದ್ರ ಮುಚ್ಚಲಿ ಬಿಡೋ," ಎಂದರು ಅತ್ತೆ. "ಬಿಚ್ಚೂದು ಅದಕ್ಕ ಗೊತ್ತಾತಲ್ಲ."

ಮರುದಿನ ಬೆಳಿಗ್ಗೆ ಸಿದ್ದಾಪುರದಲ್ಲಿ ನಾನು ಎಂದಿನಂತೆ ವಿಭೂತಿ ಗಟ್ಟಿ ಹಿಡಿದು ಅವರ ಕೋಣೆಗೆ ಹೋದೆ. ಹಾಸಿಗೆ ಖಾಲಿ ಇತ್ತು. ಅವರು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಎದುರಿಗೆ ನನ್ನ ಗಂಡ ಗ್ರಿಲ್ ಹೊತ್ತಿಸುತ್ತಿದ್ದರು. ತೆರೆದಿಟ್ಟ ಮುಚ್ಚಳದ ಮೇಲೆ ನಾನು ಹಚ್ಚಿದ್ದ ವಿಭೂತಿ ಕಾವಿಗೆ ಮಾಸಿಹೋಗಿತ್ತು.

ನಾನು ಹಣೆಗೆ ಹಚ್ಚಲು ಬಾಗಿದೆ. ಅವರು ಕಣ್ಣು ಮುಚ್ಚಲಿಲ್ಲ.

"ತಡಿ," ಎಂದು ಮುಷ್ಟಿಯನ್ನು ಕೆಂಡದ ಕಾವಿಗೆ ಹಿಡಿದರು. "ಕೈ ಕಾಯಲಿ. ನಾನ ಹಚ್ಚಿಕೋತೀನಿ."

ಗಟ್ಟಿಯನ್ನು ಅವರ ತೊಡೆಯ ಮೇಲಿಟ್ಟು ಪಕ್ಕದಲ್ಲಿ ಕೂತೆ. ಬಹಳ ಹೊತ್ತು ಹಿಡಿಯಿತು. ಮೂರು ಗೆರೆಗಳೂ ಸೊಟ್ಟ, ಒಂದಂತೂ ಹುಬ್ಬಿನ ಮೇಲೆ ಇಳಿದಿತ್ತು. ನಾನು ಅದನ್ನು ತಿದ್ದಲಿಲ್ಲ.