ಬಿಸಿಲಲ್ಲಿ ಬಂದ ಹೊಳೆ

ಒಂಟೆಬಂಡೆ ತೋರಿಸುತ್ತೇನೆಂದು ಸುವೈಲಿಮ್ ಹೆಂಡತಿ ನಾಯಿಫಾಳಿಗೆ ಮಾತು ಕೊಟ್ಟು ಮೂವತ್ತೆಂಟು ವರ್ಷವಾಗಿತ್ತು. ಜೋರ್ಡಾನಿನ ಕೆಂಪು ಕಣಿವೆಯೊಳಗಿನ ಆ ಒಂಟೆಯಾಕಾರದ ಬಂಡೆಯವರೆಗೆ ಊರೂರಿನ ಪ್ರವಾಸಿಗರನ್ನು ನಡೆಸಿಕೊಂಡು ಹೋದವನು, ಮನೆಯವಳಿಗೆ ಮಾತ್ರ ‘ಮುಂದಿನ ಚಳಿಗಾಲಕ್ಕೆ’ ಎನ್ನುತ್ತಲೇ ಬಂದಿದ್ದ. ಈಗ ನಾಯಿಫಾಳ ಮಂಡಿ ಹಿಡಿದುಕೊಳ್ಳತೊಡಗಿತ್ತು. ಈ ವರ್ಷ ಬಿಟ್ಟರೆ ಇನ್ನಿಲ್ಲ.

ಆ ಬೆಳಗ್ಗೆ ಒಂದು ಚೂರು ಮೋಡವಿರಲಿಲ್ಲ. ಇಬ್ಬರೂ ಒಣಹಳ್ಳದ ಗುಂಟ ಹೊರಟರು. ಬಂಡೆಗಳ ಮೇಲಿಂದ ಬೆಳಕು ಜೇನಿನಂತೆ ಮೆಲ್ಲಗೆ ಇಳಿಯುತ್ತಿತ್ತು.

“ಒಂಟೆ ಮಂಡಿಯೂರಿ ಕೂತಿದೆಯಂತೆ, ಹೌದಾ?”

“ನಿನಗೋಸ್ಕರಾನೇ ಕೂತಿದೆ.”

“ಇಷ್ಟು ವರ್ಷ ಕೂತು ಕೂತು ಅದರ ಮಂಡೀನೂ ಹಿಡ್ಕೊಂಡಿರುತ್ತೆ, ಪಾಪ.”

ಕಣಿವೆಯ ಬಾಯಲ್ಲಿ, ಎತ್ತರದ ದಿಬ್ಬದ ಮೇಲೆ, ಸುವೈಲಿಮ್‌ನ ಅಣ್ಣನ ಮಗಳು ಫಿದ್ದಾಳ ಗುಡಾರ. ಒಳಗಿಂದ ಕಾಫಿ ಕುಟ್ಟುವ ಸದ್ದು: ಟಣ್, ಟಣ್. ಅಲ್ಲಿ ಅದು ಅತಿಥಿಗಳಿಗೆ ಕರೆ; ಕೇಳಿದ ಮೇಲೂ ಗುಡಾರ ದಾಟಿ ಹೋದರೆ ಮನೆಯವರ ಮುಖಕ್ಕೆ ಹೊಡೆದಂತೆ. ಸುವೈಲಿಮ್ ಗೊಣಗುತ್ತ ಒಳಗೆ ಹೋದ. ನೋಡಿದರೆ ಒರಳಲ್ಲಿ ಒಂದು ಬೀಜವೂ ಇಲ್ಲ!

“ಬರೀ ಒರಳು ಕುಟ್ತೀಯೇನೇ?”

“ಮತ್ತೆ ನಿಮ್ಮನ್ನ ಹೇಗೆ ನಿಲ್ಲಿಸಲಿ, ಚಿಕ್ಕಪ್ಪಾ? ಈಗ ತಾನೆ ಫೋನ್ ಬಂತು. ಮೇಲಿನ ಗುಡ್ಡದ ಕಡೆ ನಸುಕಿನಿಂದ ಮಳೆ ಹೊಡೀತಿದೆಯಂತೆ. ಇವತ್ತು ಕಣಿವೆ ಬೇಡ.”

“ಅಲ್ಲಿ ಮಳೆಯಾದ್ರೆ ನಮಗೇನು? ತಲೆ ಎತ್ತಿ ನೋಡು, ಹೇಗಿದೆ ಬಿಸಿಲು!”

“ಆ ಕಲ್ಲುಗುಡ್ಡ ಒಂದು ಹನೀನೂ ಕುಡಿಯಲ್ಲ, ಎಲ್ಲಾ ಇಲ್ಲಿಗೇ ಬರುತ್ತೆ. ಒಳಗೆ ನಿಮ್ಮ ತಲೆಗಿಂತ ಎತ್ತರದಲ್ಲಿ ಕಸಕಡ್ಡಿ ಸಿಕ್ಕೊಂಡಿಲ್ವಾ? ಅದನ್ನ ಹಕ್ಕಿ ತಂದಿಟ್ಟಿದ್ದಾ?”

“ನಲವತ್ತು ವರ್ಷ ನಡೆದಿರೋ ಕಾಲು ಇದು. ನೀನು ಹೇಳಿಕೊಡಬೇಡ.”

“ಸರಿ. ಕಾಫಿ ಕುಡಿದು ಹೋಗಿ.”

ಫಿದ್ದಾ ಹಸಿ ಬೀಜ ತೆಗೆದು ಆರಿಸಿದಳು. ಹುರಿದಳು. ಆರಲು ಬಿಟ್ಟಳು. ಕುಟ್ಟಿದಳು. ಸುವೈಲಿಮ್ ಹೊರಗೆ ನೋಡುತ್ತ ಚಡಪಡಿಸಿದ. ನಾಯಿಫಾ ಹೊಗೆಯ ಆಚೆ ಕಣ್ಣು ಅರೆಮುಚ್ಚಿ ಕೂತಿದ್ದಳು, ಆಗಲೇ ಒಂಟೆಯ ಹತ್ತಿರ ಹೋಗಿ ತಲುಪಿದವಳಂತೆ.

ಮೂರನೆಯ ಬಟ್ಟಲು ಕೈಯಲ್ಲಿತ್ತು. ಹೊರಗೆ ಫಿದ್ದಾಳ ಆಡುಗಳು ಒಟ್ಟಿಗೇ ಎದ್ದು ನಿಂತವು. ಒದ್ದೆ ಮಣ್ಣಿನ ವಾಸನೆ ಬಂತು. ಆಮೇಲೆ ನೂರು ಲಾರಿ ಒಟ್ಟಿಗೆ ಬಂದಂಥ ಸದ್ದು. ಕಣಿವೆಯ ಬಾಯಿಂದ ಕೆಂಪು ನೀರು ಬೇರುಸಮೇತ ಗಿಡಗಳನ್ನು ಹೊತ್ತುಕೊಂಡು ನುಗ್ಗಿತು. ಮೇಲೆ ಬಿಸಿಲು ಹಾಗೇ ಇತ್ತು.

ಸುವೈಲಿಮ್‌ಗೆ ಒಳಗಿನ ಇಕ್ಕಟ್ಟಿನ ತಿರುವು ನೆನಪಾಯಿತು. ಇಬ್ಬರು ಜೊತೆಗೆ ನಡೆಯಲಾಗದ ಜಾಗ, ಹತ್ತಲು ಒಂದು ಮೆಟ್ಟಿಲೂ ಇಲ್ಲ. ಕಾಫಿಗೆ ನಿಲ್ಲದಿದ್ದರೆ ಈ ಹೊತ್ತಿಗೆ ಅವರಿಬ್ಬರೂ ಸರಿಯಾಗಿ ಅಲ್ಲಿರುತ್ತಿದ್ದರು. ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟ.

“ಒಂಟೆ ನೀರು ಕುಡೀಲಿ ಬಿಡಿ,” ಎಂದಳು ನಾಯಿಫಾ, ಅವನ ಕೈ ಹಿಡಿದು. “ಮಂಡಿಯೂರಿದ್ದು ಅದಕ್ಕೇ ಇರಬೇಕು.”

ಹತ್ತು ದಿನ ಬಿಟ್ಟು, ಫಿದ್ದಾಳನ್ನು ಕೇಳಿಕೊಂಡೇ ಇಬ್ಬರೂ ಹೋಗಿ ಬಂದರು. ಈಗ ದೂರದಲ್ಲಿ ಮಳೆಯಾದ ದಿನ ಕಣಿವೆಯ ಬಾಯ ದಿಬ್ಬದಲ್ಲಿ ಕೂತು ಬರೀ ಒರಳು ಕುಟ್ಟುವವನು ಸುವೈಲಿಮ್.

ಕಣಿವೆ, ಹಳ್ಳಗಳಿಗೆ ಇಳಿಯುವವರೇ, ನೆತ್ತಿಯ ಮೇಲಿನ ಬಿಸಿಲನ್ನು ನಂಬಬೇಡಿ. ಮೇಲಿನ ಗುಡ್ಡದಲ್ಲಿ ಮಳೆಯುಂಟೇ ಎಂದು ಮೊದಲು ವಿಚಾರಿಸಿ. ತಿಳಿದವರು ಬೇಡವೆಂದರೆ ಅವರ ಜೊತೆ ಕೂತು ಕಾಫಿ ಕುಡಿಯಿರಿ. ಬಂಡೆ ಎದ್ದು ಎಲ್ಲಿಗೂ ಹೋಗುವುದಿಲ್ಲ.