ಟೈಲರಕ್ಕನ ಅಳತೆ

ಮೂಳೆ ಪರೀಕ್ಷೆ ಮಾಡುವ ಡಾಕ್ಟರಮ್ಮ ಟೀ ಕುಡಿಯುತ್ತಿದ್ದಾಗ ಇನ್‌ಸ್ಪೆಕ್ಟರು ಗೋಣಿಚೀಲವೊಂದನ್ನು ಮೇಜಿನ ಮೇಲಿಟ್ಟರು. ಚೀಲಕ್ಕೆ ಕಟ್ಟಿದ್ದ ಚೀಟಿಯಲ್ಲಿ ಆಗಲೇ ಬರೆದಿತ್ತು: 'ಟೈಲರಕ್ಕನ ಗಂಡ'.

"ಯಾರು ಅಂತ ಹೇಳೋದು ನನ್ನ ಕೆಲಸ ಅಲ್ವೇನ್ರೀ?"

"ಸುಮ್ನೆ ಒಂದು ಸೈನ್ ಹಾಕಿ ಮೇಡಂ. ಸಂಜೆಯೊಳಗೆ ಆಯಮ್ಮನ್ನ ಒಳಗೆ ಹಾಕ್ಬೇಕು."

ಟೈಲರಕ್ಕನ ಗಂಡ ನಾಲ್ಕು ವರ್ಷದ ಹಿಂದೆ ಮನೆ ಬಿಟ್ಟು ಹೋಗಿದ್ದ. ಆಕೆ ಅತ್ತಿರಲಿಲ್ಲ. ಮರುದಿನವೇ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಬೀದಿಯವರಿಗೆ ಅನುಮಾನಪಡಲು ಅಷ್ಟು ಸಾಕಾಗಿತ್ತು. ನಿನ್ನೆ ಅವಳ ಬಾಡಿಗೆ ಮನೆಯ ಹಿತ್ತಲಲ್ಲಿ ಪೈಪಿಗೆಂದು ಅಗೆದಾಗ ಈ ಮೂಳೆಗಳು ಸಿಕ್ಕಿದ್ದವು.

ಗುರುತು ಹಿಡಿಯಲು ಬಂದಿದ್ದ ಎದುರುಮನೆ ಅತ್ತೆ ಮೂಗಿಗೆ ಸೆರಗು ಒತ್ತಿಕೊಂಡು ಬುರುಡೆಯನ್ನು ನೋಡಿದರು. "ಅವನೇ! ಏನು ಹೇಳಿದ್ರೂ ಹೀಗೇ ಹಲ್ಲು ಕಿರೀತಿದ್ದ."

"ಬುರುಡೆಗಳೆಲ್ಲ ಹೀಗೇ ಹಲ್ಲು ಕಿರಿಯೋದು ಅಮ್ಮಾ," ಎಂದರು ಡಾಕ್ಟರಮ್ಮ. "ನಿಮ್ಮದೂ, ನನ್ನದೂ."

ಅತ್ತೆ ಮೂಲೆಯ ಕುರ್ಚಿಗೆ ಹೋಗಿ ಕೂತರು.

ಬಾಗಿಲ ಬಳಿ ಪೇದೆಯ ಪಕ್ಕ ನಿಂತಿದ್ದ ಟೈಲರಕ್ಕ ಮೆಲ್ಲಗೆ ಹೇಳಿದಳು, "ಆ ತೊಡೆ ಮೂಳೆ ಒಂಚೂರು ಎತ್ತಿ ಹಿಡೀರಿ ಮೇಡಂ... ಇದು ಅವರದ್ದಲ್ಲ. ಹನ್ನೆರಡು ವರ್ಷ ಅವರ ಪ್ಯಾಂಟ್ ಹೊಲಿದಿದೀನಿ. ಆರಡಿ ಆಳು. ಈ ಕಾಲಿಗೆ ಅವರ ಪ್ಯಾಂಟ್ ಹಾಕಿದ್ರೆ ಬೀದಿಯೆಲ್ಲಾ ಗುಡಿಸ್ಕೊಂಡು ಹೋಗುತ್ತೆ."

"ಇದನ್ನ ಸ್ಟೇಷನ್ನಲ್ಲಿ ಹೇಳ್ಲಿಲ್ವಾ?"

"ಹೇಳ್ದೆ. ಯಾಕೆ ಅಳ್ಲಿಲ್ಲ ಅಂತ ಕೇಳಿದ್ರು."

ಇನ್‌ಸ್ಪೆಕ್ಟರು ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು.

ಡಾಕ್ಟರಮ್ಮ ಟೀ ಬದಿಗಿಟ್ಟು ಮೂಳೆಗಳನ್ನು ಸಾಲಾಗಿ ಜೋಡಿಸಿ ಅಳೆದರು. ಸೊಂಟದ ಮೂಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೀಲುಗಳ ಬಳಿ ಕೊರೆದ ಸಣ್ಣ ತೂತುಗಳಿದ್ದವು. ಒಂದರಲ್ಲಿ ಹಿತ್ತಾಳೆ ತಂತಿ ಇನ್ನೂ ಉಳಿದಿತ್ತು.

"ಇನ್‌ಸ್ಪೆಕ್ಟರೇ, ಇದು ಹೆಂಗಸು. ಐದಡಿಯೂ ಇಲ್ಲ. ಕಾಲೇಜಿನ ಕ್ಲಾಸಲ್ಲಿ ತಂತಿಗೆ ನೇತುಹಾಕಿದ್ದ ಅಸ್ಥಿಪಂಜರ. ಇವರ ಗಂಡ ಮನೆ ಬಿಟ್ಟು ಹೋದ್ಮೇಲೆ ಹೆಂಗಸಾಗಿ, ಕುಳ್ಳಗಾಗಿ, ಕ್ಲಾಸಲ್ಲಿ ನೇತಾಡಿದ್ರೆ ಹೇಳಿ, ಸೈನ್ ಹಾಕ್ತೀನಿ."

ಮನೆ ಮಾಲೀಕರಿಗೆ ಫೋನು ಹೋಯಿತು. ಹೌದು, ಹಿಂದೆ ಆ ಮನೆಯಲ್ಲಿ ಮೆಡಿಕಲ್ ಕಾಲೇಜಿನ ಮೇಷ್ಟ್ರು ಇದ್ದರು. ನಿವೃತ್ತರಾದಾಗ ಏನೋ ಹಳೇ ಸಾಮಾನು ಹೂತಿದ್ದರಂತೆ.

ಇನ್‌ಸ್ಪೆಕ್ಟರು ಚೀಟಿಯನ್ನು ಹರಿದರು. "ಈಗ ಏನಂತ ಬರೀಲಿ ಮೇಡಂ?"

"ಗೊತ್ತಿಲ್ಲ ಅಂತ. ಬರೆಯೋಕೆ ಬರುತ್ತಲ್ಲ?"

"ನೀವಿನ್ನು ಹೊರಡಬಹುದು," ಎಂದು ಇನ್‌ಸ್ಪೆಕ್ಟರು ಹೇಳಿದರೂ ಟೈಲರಕ್ಕ ಕದಲಲಿಲ್ಲ. "ಪಾಪ, ಯಾರ ಮನೆ ಹೆಂಗಸೋ. ಮತ್ತೆ ಆ ಗೋಣಿಚೀಲಕ್ಕೆ ತುಂಬಬೇಡಿ. ನಾಳೆ ಒಂದು ಒಳ್ಳೇ ಬಟ್ಟೆ ಚೀಲ ಹೊಲ್ಕೊಡ್ತೀನಿ."

ಅವಳು ಕೊರಳಿನ ಅಳತೆ ಟೇಪು ತೆಗೆದು ಮೇಜಿನ ಉದ್ದಕ್ಕೂ ಹಾಸಿದಳು. ಅದರ ತುದಿ ಜಾರಿ ಜಾರಿ ಬೀಳುತ್ತಿತ್ತು. ಎದುರುಮನೆ ಅತ್ತೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಎದ್ದು ಬಂದು, ಮೂಗಿನ ಸೆರಗು ಬಿಟ್ಟು, ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಸ್ವಲ್ಪ ಸಡಿಲವಾಗೇ ಹೊಲಿಯಮ್ಮಾ," ಎಂದರು.